ಒಳಗೆ ಉಣ್ಣೆ, ಹೊರಗೆ ನಮ್ಮ ಅರಿವೆ

ಬೇಸಿಗೆಯಲ್ಲಿ ಬೆಟಗೇರಿ ರಸ್ತೆಯ ಮೇಲೆ ಹೊಟ್ಟು ಮುಚ್ಚಿದ ಬರ್ಫಿನ ಗಾಡಿ, ಮಂಜುಗಡ್ಡೆಯ ಗಾಡಿ, ನೀರು ತೊಟ್ಟಿಕ್ಕಿಸುತ್ತ ಹೋದರೆ ಇವತ್ತಿಗೂ ಮಶಿನ್ ತುಳಿಯುವ ನನ್ನ ಕಾಲು ನಿಂತುಬಿಡುತ್ತದೆ. ಗಿರಾಕಿಗಳು "ಯಾಕೋ, ದಾರ ಹರೀತೇನು?" ಎಂದು ಕೇಳುತ್ತಾರೆ. ದಾರ ಹರಿದಿರುವುದಿಲ್ಲ. ಕಾಕಾ ನೆನಪಾಗಿರುತ್ತಾರೆ.

ನಮ್ಮ ಓಣಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಸಣ್ಣವರಿಗೂ ದೊಡ್ಡವರಿಗೂ ಅವರು ಕಾಕಾ, ಅವರ ಹೆಂಡತಿ ಕಾಕು. ಕಾಕಾ ತೀರಿಕೊಂಡಾಗ ಹೆಗಲು ಕೊಟ್ಟ ನಾಲ್ವರಲ್ಲಿ ನಾನೂ ಒಬ್ಬ. ಅದಕ್ಕೇ ನಾಲ್ಕು ಮಾತು ಬರೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ನಾನು ಅಂಗಿ ಹೊಲಿಯುವವನು. ಐದನೇ ಇಯತ್ತೆ ಪೂರಾ ಮಾಡದೆ ಶಾಲೆ ಬಿಟ್ಟು ಮಶಿನ್ನಿಗೆ ಕೂತವನು. ನಾನು ಹೊಲಿದ ಅಂಗಿಯ ಅರಿವೆ ಸವೆದು ಹರಿದೀತು, ಹೊಲಿಗೆ ಬಿಚ್ಚುವುದಿಲ್ಲ. ಇದನ್ನು ಸೊಕ್ಕು ಎನ್ನುವವರು ಅನ್ನಲಿ. ಇದನ್ನು ಕಲಿತದ್ದು ಕಾಕಾನ ಮನೆಯ ಕಟ್ಟೆಯ ಮೇಲೆ ಕೂತು.

ಕಾಕಾ ಸೀರೆ ನೇಯುವವರು. ನಮ್ಮ ಕಡೆಯ ಮಗ್ಗ ನೆಲದ ಗುಂಡಿಯಲ್ಲಿ ಇರುತ್ತದೆ. ನೇಯುವವರು ಗುಂಡಿಯೊಳಗೆ ಕಾಲಿಳಿಬಿಟ್ಟು ನೆಲದ ಮಟ್ಟಕ್ಕೆ ಕೂರುತ್ತಾರೆ. ಹೀಗೆ ಕೂತವರಿಗೆ ಬಂದವರ ಮುಖಕ್ಕಿಂತ ಮೊದಲು ಕಾಲು ಕಾಣುತ್ತವೆ. ಕಾಕಾ ಇಡೀ ಓಣಿಯನ್ನು ಕಾಲಿನಿಂದಲೇ ಗುರುತು ಹಿಡಿಯುತ್ತಿದ್ದರು. ನಾನು ಹೊಸ್ತಿಲು ದಾಟುವುದೇ ತಡ, ಲಾಳಿ ಎಸೆಯುವುದನ್ನು ನಿಲ್ಲಿಸದೆ, ತಲೆಯನ್ನೂ ಎತ್ತದೆ ಅನ್ನುತ್ತಿದ್ದರು:

"ಬಾರಲೇ ಟೇಲರ. ಎಡಗಾಲಿನ ಚಪ್ಪಲಿ ಉಂಗುಟ ಹರದೈತಲ್ಲೋ. ಊರ ಮಂದೀದೆಲ್ಲ ಹೊಲೀತಿ, ನಿಂದಷ್ಟು ಹೊಲ್ಕೊಳ್ಳಾಕ ಏನು ಧಾಡಿ ನಿನಗ?"

ಇನ್ನೊಂದು ಚಾಳಿ ಅವರದು, ಯಾರ ಮಾತನ್ನೂ ಸುಮ್ಮನೆ ನಂಬುತ್ತಿರಲಿಲ್ಲ. ನೂಲಿನ ಅಂಗಡಿಗೆ ಹೋದರೆ ಎಳೆಯನ್ನು ಬಾಯಲ್ಲಿಟ್ಟು ಕಚ್ಚಿ, ಎಳೆದು, ಕಿವಿಯ ಹತ್ತಿರ ಹಿಡಿದು ಚಟ್ಟನೆ ಹರಿದು ಸಪ್ಪಳ ಕೇಳಿಯೇ ತೆಗೆದುಕೊಳ್ಳುವುದು. ಬಣ್ಣ ಹಾಕಿದವನು ಆಣೆ ಇಟ್ಟರೂ ಒಂದು ಎಳೆಯನ್ನು ಹಸಿ ಮಾಡಿ ತಮ್ಮ ಬಿಳಿ ಧೋತರಕ್ಕೆ ಉಜ್ಜಿ ನೋಡುವುದು. ಅವರ ಧೋತರದ ಮೂಲೆಯಲ್ಲಿ ಯಾವಾಗಲೂ ಕೆಂಪು, ಹಳದಿ ಕಲೆ ಇರುತ್ತಿದ್ದವು. ಪಕ್ಕದ ಮನೆಯವರು ಒಮ್ಮೆ "ನಾಳೆ ಮಳಿ ಐತ್ರಿ ಕಾಕಾ, ರೇಡಿಯೋದಾಗ ಹೇಳ್ಯಾರ" ಎಂದದ್ದಕ್ಕೆ, "ರೇಡಿಯೋ ಮೋಡಾ ಮುಟ್ಟಿ ನೋಡೈತೇನು?" ಎಂದಿದ್ದರು. ಯಾರು ಏನು ಸುದ್ದಿ ತಂದರೂ ಅವರ ಪ್ರಶ್ನೆ ಇದೊಂದೇ. ಮುಟ್ಟಿ ನೋಡಿಯೇನು?

ಮದುವೆ ಮನೆಗಳಲ್ಲಿ ಅವರ ಕಣ್ಣು ಊಟದ ಮೇಲೆ ಇರುತ್ತಿರಲಿಲ್ಲ, ಬಂದವರ ಸೀರೆಯ ಅಂಚಿನ ಮೇಲೆ ಇರುತ್ತಿತ್ತು. ಕಾಕು ಹಿಂದಿನಿಂದ ಚಿವುಟಿ, "ಮಂದಿ ಏನಂದಾರು? ನೀವು ಅಂಚು ನೋಡತೀರಿ ಅಂತ ನನಗ ಗೊತ್ತೈತಿ, ಅವರಿಗೇನು ಗೊತ್ತು?" ಎನ್ನುತ್ತಿದ್ದಳು.

ಆ ಮನೆಯಲ್ಲಿ ಒಂದು ರೂಢಿ ಇತ್ತು. ಹುಟ್ಟಿದ ಕೂಸಿಗೆ ಮೊದಲು ಸುತ್ತುವ ಅರಿವೆ ಮನೆಯ ಮಗ್ಗದ್ದೇ ಆಗಬೇಕು. ಮದುವೆಯ ಅರಿಶಿನದ ಮೈಗೆ ಮೊದಲು ತಾಗುವುದೂ ಅದೇ. ಮೇಲೆ ಜರಿಯದ್ದು ಹಾಕು, ಮಿಲ್ಲಿನದು ಹಾಕು, ತಕರಾರಿಲ್ಲ. ಆದರೆ ಮೈಗೆ ಮೊದಲು ತಾಗುವುದು ನಮ್ಮ ಅರಿವೆ. ಕಾಕಾನ ಅಪ್ಪನಿಗೂ ಇದೇ, ಅಜ್ಜನಿಗೂ ಇದೇ. ಕಾಕಾ ಬಹಳಷ್ಟು ವಿಷಯಗಳನ್ನು ಮುಟ್ಟಿ ನೋಡಿ ನಂಬುತ್ತಿದ್ದರು. ಇದೊಂದನ್ನು ಮಾತ್ರ ಮುಟ್ಟದೆ ನಂಬಿದ್ದರು.

ಎಪ್ಪತ್ತರ ದಶಕದ ನಡುವಿನ ಮಾತು. ಅವರ ಒಬ್ಬನೇ ಮಗ ಶಂಕ್ರ ಬೆಳಗಾವಿಗೆ ಹೋಗಿ ಮಿಲಿಟರಿಗೆ ಭರ್ತಿಯಾದ. ನಮ್ಮ ಓಣಿಯಿಂದ ಹಾಗೆ ಹೋದವನು ಅವನೇ ಮೊದಲು. ಕಾಕಾ ಬೈಯಲಿಲ್ಲ, ಹೊಗಳಲೂ ಇಲ್ಲ. ಟ್ರೇನಿಂಗ್ ಮುಗಿದು ಅವನನ್ನು ಲಡಾಖಿನ ಕಡೆ ಹಾಕಿದ್ದಾರೆ ಎಂಬ ಸುದ್ದಿ ಬಂದ ದಿನ ಮಾತ್ರ, "ಅಲ್ಲೆ ಥಂಡಿ ಭಾಳಂತಲ್ಲೋ?" ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು? ಗದಗಿನವರಿಗೆ ಥಂಡಿ ಎಂದರೆ ಪುಷ್ಯ ಮಾಸದಲ್ಲಿ ಕಿವಿಗೆ ಟಾವೆಲ್ ಸುತ್ತಿಕೊಳ್ಳುವುದು, ಅಷ್ಟೇ.

ಅವರು ಅವತ್ತೇ ಮಗ್ಗಕ್ಕೆ ಉದ್ದೆಳೆಗಳ ಹೊಸ ಹಾಸು ಏರಿಸಿದರು. ಕೂಸಿಗೆ ನೇಯುವಂಥದೇ ಮೆತ್ತನೆಯ ಹತ್ತಿ ಅರಿವೆ, ಆದರೆ ಅಂಗೈಯಗಲದ ಉದ್ದ ಪಟ್ಟಿ. ಬೂಟಿನೊಳಗೆ ಪಾದಕ್ಕೆ ಸುತ್ತಲು. ಶಂಕ್ರ ಮೊದಲ ರಜೆಗೆ ಬಂದಾಗ ಅವನ ಟ್ರಂಕಿನಲ್ಲಿ ತಾವೇ ಇಟ್ಟರು.

"ಮೈಗೆ ಮೊದ್ಲ ಇದನ್ನ ಸುತ್ಕೋ. ಮ್ಯಾಲ ನಿಮ್ಮ ಸರಕಾರದ್ದು ಏನರೆ ಹಾಕ್ಕೋ. ತಿಳೀತಿಲ್ಲೋ?"

"ಹೂನಪ್ಪಾ" ಎಂದ ಶಂಕ್ರ.

ಅದರ ಮುಂದಿನ ರಜೆಗೆ ಅವನು ಬಂದದ್ದು ವೈಶಾಖದಲ್ಲಿ. ನೆಲದ ಮೇಲೆ ಬರಿಗಾಲಿಟ್ಟರೆ ಅಂಗಾಲು ಸುಡುವ ಬಿಸಿಲು. ನಾನು ಕಾಕುವಿನ ಕುಪ್ಪಸದ ಅಳತೆಯ ಅರಿವೆ ಒಯ್ಯಲು ಹೋಗಿದ್ದೆ. ಶಂಕ್ರ ಬೂಟನ್ನು ಹೊರಗೆ ಬಿಟ್ಟು ಒಳಗೆ ಬಂದ. ಲಾಳಿಯ ಸಪ್ಪಳ ತಟ್ಟನೆ ನಿಂತಿತು.

"ಏನಲೇ, ಮನಿಯೊಳಗ ಕಾಲ್ಚೀಲ?" ಎಂದರು ಕಾಕಾ ಗುಂಡಿಯಿಂದ.

"ಇರ್ಲಿ ಬಿಡಪ್ಪಾ. ರೂಢಿ ಆಗೇತಿ."

"ಈ ಬಿಸಲಾಗ? ಸಾಹೇಬ ಆದಿ ಏನು? ತಗಿ."

"ಆಮ್ಯಾಲ ತಗೀತೇನಿ."

ಕಾಕು ತಾಟಿಗೆ ರೊಟ್ಟಿ ಹಾಕುತ್ತಿದ್ದವಳು, "ಊಟಕ್ಕ ಕುಂಡ್ರಾಂವ ಹಂಗ ಕುಂಡ್ರತೀಯೇನೋ ಯಪ್ಪಾ? ತಗದ ಕೈಕಾಲು ತೊಳಕೋ" ಎಂದಳು. ಅವನು ಏಳಲಿಲ್ಲ. ಕಾಕಾ ಗುಂಡಿಯಿಂದ ಮೇಲೆ ಬಂದು ಅವನ ಮುಂದೆ ಕುಕ್ಕರಗಾಲಲ್ಲಿ ಕೂತು ತಾವೇ ಕಾಲ್ಚೀಲ ಎಳೆದರು.

ಎಡಗಾಲಿನ ಕಿರುಬೆರಳು ಇರಲಿಲ್ಲ. ಅದರ ಪಕ್ಕದ ಬೆರಳ ತುದಿ ಒಣಗಿದ ಉತ್ತತ್ತಿಯ ಹಾಗೆ ಕಪ್ಪಾಗಿತ್ತು.

ಕಾಕುವಿನ ಕೈಯ ರೊಟ್ಟಿ ಹಾಗೇ ಉಳಿಯಿತು. ಶಂಕ್ರನೇ ಗಡಿಬಿಡಿಯಿಂದ ಮಾತಾಡಿದ. "ಥಂಡಿಗೆ ಹೋತು ಯವ್ವಾ. ಅಲ್ಲೆ ಭಾಳ ಮಂದಿಗೆ ಆಗತೈತಿ. ನೌಕರಿ ಉಳೀತಲ್ಲ, ಅದನ್ನ ನೋಡು."

"ಮತ್ತ ಅಲ್ಲಿಗೇ ಕಳಸ್ತಾರೇನು?" ಎಂದರು ಕಾಕಾ.

"ಹೂನಪ್ಪಾ. ರಜಾ ಮುಗೀತಂದ್ರ ಅದ ಗುಡ್ಡ. ಇನ್ನೊಮ್ಮೆ ಹಿಂಗಾದ್ರ ಪಾದನ ತಗೀಬೇಕಾಕ್ಕೈತಿ ಅಂದಾನ ಡಾಕ್ಟರ. ಈಗ ಹುಷಾರ ಇರ್ತೇನಿ, ಬಿಡು."

ಕಾಕಾ ಆ ಪಾದವನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು. ಆಮೇಲೆ ಎದ್ದು, "ನಾ ನೇಯ್ದ ಪಟ್ಟಿ ತೆಳ್ಳಗಾತು. ದಪ್ಪಂದು ಮಾಡಬೇಕಿತ್ತು" ಎಂದು ಮತ್ತೆ ಗುಂಡಿಗೆ ಇಳಿದರು. ಶಂಕ್ರ ಏನೋ ಹೇಳಲು ಬಾಯಿ ತೆರೆದವನು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ.

ದಪ್ಪ ಪಟ್ಟಿ ಎರಡೇ ದಿನದಲ್ಲಿ ಮಗ್ಗದಿಂದ ಇಳಿಯಿತು. ಬೇರೆಯವರಾದರೆ ಮಡಚಿ ಟ್ರಂಕಿಗೆ ಹಾಕುತ್ತಿದ್ದರು. ಕಾಕಾ ಅದನ್ನು ಬಗಲಲ್ಲಿಟ್ಟುಕೊಂಡು ನನ್ನ ಅಂಗಡಿಗೆ ಬಂದರು. ಶಂಕ್ರ ಲಕ್ಷ್ಮೇಶ್ವರದ ಅತ್ತೆಯ ಮನೆಗೆ ಹೋಗಿದ್ದ. ಅವನ ಬೂಟು, ಮಿಲಿಟರಿಯವರು ಕೊಟ್ಟ ಉಣ್ಣೆಯ ಕಾಲ್ಚೀಲ ಕಾಕಾನ ಕೈಯಲ್ಲಿದ್ದವು.

"ಟೇಷನ್ ಕಡೆ ಬರ್ಫಿನ ಕಾರ್ಖಾನಿ ಮ್ಯಾನೇಜರ ನಿನ್ನ ಗಿರಾಕಿ ಹೌದಿಲ್ಲೋ?"

"ಹೌದ್ರಿ. ಯಾಕ?"

"ಎದ್ದೇಳು. ಮುಟ್ಟಿ ನೋಡೋದೈತಿ."

ಏರು ಬಿಸಿಲಲ್ಲಿ, ಧೋತರದ ಕೆಳಗೆ ಮಿಲಿಟರಿ ಬೂಟು ಹಾಕಿಕೊಂಡು ಬೆಟಗೇರಿಯಿಂದ ಗದಗ ಸ್ಟೇಷನ್ನಿನವರೆಗೆ ಕಾಕಾ ದಪದಪ ನಡೆದದ್ದನ್ನು ಕಂಡವರು ಬಹಳ ದಿನ ಮರೆಯಲಿಲ್ಲ. ಚಹಾದಂಗಡಿಯವನು, "ಏನ್ರಿ ಕಾಕಾ, ಮಗನ ಬದಲಿ ನೀವ ಹೊಂಟೀರೇನು?" ಎಂದ. "ನಿನ್ನಂಥಾವ್ರು ಚಾ ಕಾಸ್ಕೋತ ಕುಂತ್ರ ಮತ್ತ ಯಾರು ಹೋಗಬೇಕಲೇ?" ಎಂದರು, ನಿಲ್ಲದೆ.

ದಾರಿಯಲ್ಲಿ ನನಗೆ ತಮ್ಮ ಲೆಕ್ಕ ಹೇಳಿದರು. ನನ್ನ ಅಂಗಡಿಯಲ್ಲೇ ಹಾಕಿಕೊಂಡದ್ದು ಹೀಗೆ: ಎಡಗಾಲಿಗೆ ಒಳಗೆ ತಮ್ಮ ದಪ್ಪ ಹತ್ತಿ ಪಟ್ಟಿ, ಮೇಲೆ ಉಣ್ಣೆಯ ಕಾಲ್ಚೀಲ. ಬಲಗಾಲಿಗೆ ಬರೀ ಉಣ್ಣೆ. ಬರ್ಫಿನ ಮೇಲೆ ಎರಡನ್ನೂ ಇಟ್ಟು ಕೂರುವುದು. ಎಡಗಾಲು ಎಷ್ಟು ಬೆಚ್ಚಗಿರುತ್ತದೋ ನೋಡುವುದು. ಗೆಲ್ಲುವುದು ಎಡಗಾಲೇ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ನನಗೂ ಇರಲಿಲ್ಲ. ಎರಡು ಪದರಕ್ಕಿಂತ ಒಂದು ಪದರ ಬೆಚ್ಚಗಿರುತ್ತದೆ ಎಂದು ಯಾವ ಟೇಲರ ಹೇಳಿಯಾನು?

ಮ್ಯಾನೇಜರ ನಕ್ಕ. ನಕ್ಕರೂ ಬರ್ಫಿನ ಖೋಲಿಯ ಬಾಗಿಲು ತೆಗೆದ. ಒಳಗೆ ಹೊಟ್ಟಿನ ನಡುವೆ ಗೋಡೆಯುದ್ದಕ್ಕೂ ಬರ್ಫಿನ ದಿಮ್ಮಿಗಳು. ನಾನು ಬಾಗಿಲಲ್ಲೇ ನಿಂತೆ. ಕಾಕಾ ಒಂದು ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಕೂತು ಎರಡೂ ಬೂಟನ್ನು ದಿಮ್ಮಿಯ ಮೇಲೆ ಇಟ್ಟರು, ಮಗ್ಗದ ಗುಂಡಿಯಲ್ಲಿ ಕೂತವರ ಹಾಗೆ.

ಮೊದಲು ಮಾತಾಡುತ್ತಿದ್ದರು. ಈ ಬರ್ಫಿನೊಳಗೆ ಗಾಳಿ ಸಿಕ್ಕಿಕೊಂಡ ಗೆರೆ ನೋಡು, ಹಾಸಿನ ಎಳೆ ಇದ್ದಂಗ ಐತಿ ಎಂದರು. ಆಮೇಲೆ ಮಾತು ಕಡಿಮೆಯಾಯಿತು. ನಾನು "ಸಾಕು ಬರ್ರಿ ಕಾಕಾ" ಎಂದೆ. ಕೈ ಎತ್ತಿ ತಡೆದರು. ನನಗೆ ಮೈ ನಡುಗಲು ಹತ್ತಿದ ಮೇಲೆ, "ಟೇಲರ, ಬೂಟು ಬಿಚ್ಚು. ನನಗ ಎಡಗಾಲು ಎಲ್ಲೈತಿ ಗೊತ್ತಾಗವಲ್ದು" ಎಂದರು.

ಹೊರಗೆ ಬಿಸಿಲಿಗೆ ಕರೆತಂದು ಬಿಚ್ಚಿದೆ. ಬಲಗಾಲು ತಣ್ಣಗಿತ್ತು, ಆದರೆ ಬೆರಳು ಆಡುತ್ತಿದ್ದವು. ಎಡಗಾಲಿನ ಬೆರಳು ಸುಣ್ಣದಂತೆ ಬೆಳ್ಳಗೆ. ಅವರ ದಪ್ಪ ಪಟ್ಟಿ ಪಾದಕ್ಕೆ ಹಸಿ ತೊಗಲಿನ ಹಾಗೆ ಅಂಟಿತ್ತು. ಕಾಕಾ ಅದನ್ನು ಬಿಡಿಸಿ ಎರಡೂ ಕೈಯಲ್ಲಿ ಹಿಂಡಿದರು. ಬೆವರು ತೊಟ್ಟು ತೊಟ್ಟಾಗಿ ಮಣ್ಣಿಗೆ ಬಿತ್ತು. ಬಿಸಿಲಲ್ಲಿ ನಡೆದು ಬಂದ ಬೆವರನ್ನೆಲ್ಲ ಹತ್ತಿ ಕುಡಿದು ಪಾದಕ್ಕೇ ಹಿಡಿದುಕೊಂಡಿತ್ತು. ಬರ್ಫಿನ ಥಂಡಿಗೆ ಅದೇ ದಾರಿಯಾಯಿತು. ಗುಡ್ಡ ಹತ್ತಿ ಇಳಿಯುವ ಸಿಪಾಯಿಯ ಕಾಲೂ ಬೆವರುವುದೇ ಅಲ್ಲವೆ?

ಅವರು ಆ ಪಟ್ಟಿಯನ್ನು ಕೆಳಗಿಡಲಿಲ್ಲ. ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ಥಂಡಿ ಅಲ್ಲಲೇ ಟೇಲರ, ಬೆರಳು ತಗದದ್ದು ಇದು" ಎಂದರು. "ಅವನಿಗೆ ಗೊತ್ತಿತ್ತು. ಹುಡುಗ ನನ್ನ ಮುಂದ ಹೇಳಲಿಲ್ಲ ನೋಡು."

ಬರುವಾಗ ಬೂಟನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಬಂದರು. ಚಹಾದಂಗಡಿಯವನು ಮತ್ತೆ ಏನೋ ಅಂದ. ಕಾಕಾ ಆಗಲೇ ಅಂಗಡಿ ದಾಟಿ ಹೋಗಿದ್ದರು.

ಶಂಕ್ರ ಲಕ್ಷ್ಮೇಶ್ವರದಿಂದ ಬಂದ ಸಂಜೆ ಕಾಕಾ ನನ್ನನ್ನೂ ಕರೆಸಿದರು. ಪಟ್ಟಿಯನ್ನು ನಡುವೆ ಇಟ್ಟು ಕೇಳಿದರು.

"ಯಾಕ ಹೇಳಲಿಲ್ಲಲೇ?"

ಶಂಕ್ರ ನನ್ನ ಕಡೆ ನೋಡಿದ. ನಾನು ಬರ್ಫಿನ ಸುದ್ದಿ ಹೇಳಿದೆ. ಅವನಿಗೆ ನಗು ಬಂತು, ಆಮೇಲೆ ನಗು ಹೋಯಿತು. "ನಮ್ಮ ಟ್ರೇನಿಂಗಿನ ಉಸ್ತಾದ ಮೊದಲ ಹೇಳಿದ್ದನಪ್ಪಾ, ಒಳಗ ಹತ್ತಿ ಬ್ಯಾಡ, ಉಣ್ಣಿನ ಇರ್ಲಿ ಅಂತ. ಆ ಉಣ್ಣಿ ಚುಚ್ಚತೈತಿ. ಮತ್ತ..." ಎಂದು ನಿಲ್ಲಿಸಿದ.

"ಮತ್ತೇನು? ಬೊಗಳು."

"ಇದರಾಗ ನಮ್ಮ ಮನಿ ನೂಲಿನ ಗಂಜಿ ವಾಸನಿ ಇರ್ತಿತ್ತು."

ಕಾಕು ಒಳಗೆ ಹೋದಳು. ಕಾಕಾ ಮೂಗು ಒರೆಸಿಕೊಂಡು, "ವಾಸನಿ ಬೇಕಂದ್ರ ಟ್ರಂಕಿನ್ಯಾಗ ಇಟ್ಕೊಂಡು ಮೂಸಿ ನೋಡು ಹುಚ್ಚಪ್ಪ್ಯಾ. ಕಾಲಿಗೆ ಯಾಕ ಸುತ್ತಿ?" ಎಂದು ಗದರಿಸಿದರು. ಗದರಿಸಿದ್ದರಿಂದ ನಮಗೆಲ್ಲ ಸಮಾಧಾನವಾಯಿತು.

ಮಗನ ರಜೆ ಮುಗಿಯಲು ಬಂದಿತ್ತು. ವೈಶಾಖದಲ್ಲಿ ಗದಗಿನ ಯಾವ ಅಂಗಡಿಯಲ್ಲಿ ಉಣ್ಣೆ ಸಿಗಬೇಕು? ಕೇಳಿದ ಕಡೆಯೆಲ್ಲ, "ದೀಪಾವಳಿ ಮುಂದ ಬರ್ರಿ" ಎಂದು ನಕ್ಕು ಕಳಿಸಿದರು. ಮರುದಿನ ಕಾಕಾ ನನ್ನನ್ನು ಎಬ್ಬಿಸಿಕೊಂಡು ಮುಂಡರಗಿ ಬಸ್ಸು ಹತ್ತಿದರು. ಅಲ್ಲಿಂದ ಹಿರೇವಡ್ಡಟ್ಟಿ. ಅಲ್ಲಿ ಕಂಬಳಿ ನೇಯುವ ಒಬ್ಬ ಹಿರಿಯರಿದ್ದರು. ನಮ್ಮ ಸೀರೆ ನೇಯುವವರಿಗೆ ಕಂಬಳಿ ನೇಯುವವರೆಂದರೆ ತುಸು ಅಷ್ಟಕ್ಕಷ್ಟೆ. ಅವರಿಗೂ ಇದು ಗೊತ್ತು.

"ಓಹೋ, ಬೆಟಗೇರಿ ಸೀರಿ ಮಂದಿ!" ಎಂದರು ಆ ಹಿರಿಯರು, ಮಗ್ಗದ ಮೇಲಿಂದಲೇ. "ದಾರಿ ತಪ್ಪಿ ಬಂದ್ರೇನ್ರಿ? ನಮ್ಮದು ಕುರಿ ವಾಸನಿ ಮನಿ."

"ದಾರಿ ತಪ್ಪಿದ್ದು ಖರೆ. ಈಗ ಸರಿ ದಾರಿಗೆ ಬಂದೇನಿ" ಎಂದರು ಕಾಕಾ. ಅವರ ಬಾಯಲ್ಲಿ ಅಂಥ ಮಾತು ನಾನು ಹಿಂದೆ ಕೇಳಿರಲಿಲ್ಲ. ಕೂತು ಎಲ್ಲ ಹೇಳಿದರು. ಬೆರಳಿನದೂ, ಬರ್ಫಿನದೂ.

ಹಿರಿಯರು ಕೇಳುತ್ತ ಕೇಳುತ್ತ ಗೇಲಿ ಬಿಟ್ಟರು. ಗೋಣಿಚೀಲದಿಂದ ಒಂದು ಹಿಡಿ ಉಣ್ಣೆ ತೆಗೆದರು. ಕುರಿಮರಿಯ ಮೈಯಿಂದ ಮೊದಲ ಸಲ ಕತ್ತರಿಸಿದ ಉಣ್ಣೆ, ಕಪ್ಪಗೆ, ಬೆಕ್ಕಿನ ಹೊಟ್ಟೆಯಂತೆ ಮೆತ್ತಗೆ. ಕಾಕಾ ಅದನ್ನು ಬಾಯಲ್ಲಿಟ್ಟುಕೊಂಡು ಕಚ್ಚಿದರು. ಕೆನ್ನೆಗೆ ಉಜ್ಜಿದರು. ಧೋತರ ಸರಿಸಿ ಪಾದದ ಬೆರಳ ನಡುವೆ ಸಿಕ್ಕಿಸಿಕೊಂಡು ಅಂಗಳದಲ್ಲಿ ತಿರುಗಾಡಿ ಬಂದರು. ಹಿರಿಯರ ಸೊಸೆಯಂದಿರು ಸೆರಗು ಬಾಯಿಗೆ ಒತ್ತಿಕೊಂಡರು.

"ಚುಚ್ಚಂಗಿಲ್ಲ" ಎಂದು ತೀರ್ಪು ಕೊಟ್ಟರು ಕಾಕಾ. "ಆದ್ರ ಗಂಜಿ ಹಾಕಬ್ಯಾಡ್ರಿ."

"ಹುಣಸಿ ಬೀಜದ ಗಂಜಿ ಇಲ್ದಂಗ ಕಂಬಳಿ ಯಾರ ಕೇಳ್ತಾರ್ರಿ? ಮಳಿ ನೀರು ಜಾರಬೇಕಲ್ಲ."

"ನಿಮ್ಮ ಗಂಜಿ ಬಿರುಸು. ಬೂಟಿನ್ಯಾಗ ಕಾಲು ತಿಕ್ಕತೈತಿ. ನನಗ ಕಂಬಳಿ ಅಲ್ಲ, ಕಾಲಿಗೆ ಸುತ್ತಾಕ ಪಟ್ಟಿ ಬೇಕು. ನಡುವ ಮೆತ್ತಗ, ದಡಿ ಗಟ್ಟಿ."

ಇಬ್ಬರೂ ನೇಯುವವರು. ಅಲ್ಲಿಂದ ಮುಂದೆ ನಾನು ಅವರಿಗೆ ಕಾಣಿಸಲೇ ಇಲ್ಲ. ಬದಲಿಗೆ ಏನು ಕೊಡಬೇಕೆಂದು ಕೇಳಿದಾಗ ಹಿರಿಯರು, "ನಮ್ಮ ಮುದುಕಿಗೆ ಒಂದು ಸೀರಿ ನೇಯ್ದು ಕೊಡ್ರಿ. ಉಟ್ಟು ಹಟ್ಟಿಗೆ ಹೋದ್ಲಂದ್ರ ಕುರಿ ಗುರ್ತಾ ಹಿಡೀಬಾರ್ದು, ಹಂಗಿರ್ಲಿ" ಎಂದರು. ಒಳಗಿನಿಂದ ಮುದುಕಿ, "ಕುರಿ ಹಿಡೀತಾವ. ನೀ ಹಿಡೀಯಂಗಿಲ್ಲ" ಎಂದಳು.

ಉಣ್ಣೆಯ ಪಟ್ಟಿ ಮಗ್ಗದಿಂದ ಇಳಿದು ಬರುವುದರೊಳಗೆ ಕಾಕಾ ಸುಮ್ಮನೆ ಕೂರಲಿಲ್ಲ. ಸೋತು ಕೂರುವ ಜಾತಿಯಲ್ಲ ಅವರದು. ಉಣ್ಣೆಗೆ ಒಂದು ಕುಂದು ಇದೆ ಎಂದು ಹಿರೇವಡ್ಡಟ್ಟಿಯಿಂದ ಬರುವಾಗಲೇ ಹಿಡಿದಿದ್ದರು. ಬಸ್ಸಿನ ಕಿಟಕಿಗೆ ಅಲ್ಲಿಂದ ತಂದ ಕಂಬಳಿಯ ತುಂಡನ್ನು ಹಿಡಿದಾಗ ಗಾಳಿ ಸೀದಾ ಪಾರಾಗುತ್ತಿತ್ತು. ಮನೆಗೆ ಬಂದವರೇ ಸಣ್ಣ ಎಳೆಯ ಒತ್ತು ಹಾಸು ಏರಿಸಿ, ಅಡ್ಡ ಹೊಕ್ಕಿನ ಒಂದೊಂದು ಎಳೆಗೂ ಎರಡೆರಡು ಸಲ ಬಡಿದು ನೇಯ್ದರು. ಬಡಿತಕ್ಕೆ ನಡುಮನೆಯ ಗೂಡಿನ ಡಬ್ಬಿಗಳು ಅಲುಗುತ್ತಿದ್ದವು. ಕಾಕು, "ಅರಿವಿ ನೇಯಾಕತ್ತೀರೋ ಗೋಡಿ ಕೆಡವಾಕತ್ತೀರೋ?" ಎಂದು ಕೂಗುತ್ತಿದ್ದಳು.

ಆ ಅರಿವೆಯನ್ನು ನನ್ನ ಅಂಗಡಿಗೆ ತಂದು, ಕಡ್ಡಿ ಗೀರಿ, ಉರಿಯ ಮುಂದೆ ಅರಿವೆಯನ್ನು ಪರದೆಯಂತೆ ಹಿಡಿದರು.

"ಊದು."

ನಾನು ಅರಿವೆಗೆ ಬಾಯಿ ಹಚ್ಚಿ ಎದೆ ತುಂಬಿಕೊಂಡು ಊದಿದೆ. ಅತ್ತ ಉರಿ ಅಲ್ಲಾಡಲಿಲ್ಲ.

"ಹಾಂ!" ಎಂದರು ಕಾಕಾ. ಆ ಮುಖವನ್ನು ನಾನು ಮರೆಯುವುದಿಲ್ಲ. "ಉಣ್ಣಿ ಒಳಗ, ನಮ್ಮ ಅರಿವಿ ಹೊರಗ. ಅದು ಬೆಚ್ಚಗ ಇಡ್ಲಿ, ಇದು ಗಾಳಿ ಕಾಯ್ಲಿ. ಹೊಲಿ ಈಗ."

ಕೋಟಿನ ಒಳಗೆ, ಸ್ವೆಟರಿನ ಮೇಲೆ ಹಾಕಿಕೊಳ್ಳುವ ಅಂಗಿ ಹೊಲಿದೆ. ಎಲ್ಲ ಕಡೆ ಜೋಡಿ ಹೊಲಿಗೆ. ಆ ಅಂಗಿ ಹೊಲಿದ ದಿನ ಬೇರೆ ಗಿರಾಕಿಯ ಕೆಲಸ ಮುಟ್ಟಲಿಲ್ಲ. ಮಿಕ್ಕ ತುಂಡಿನಲ್ಲಿ ಬೂಟಿನ ಮೇಲೆ ಮೊಣಕಾಲಿನವರೆಗೆ ಎಳೆದುಕೊಳ್ಳುವ ಚೀಲವನ್ನೂ ಹೊಲಿದೆ. ಅದು ನನ್ನ ಸ್ವಂತ ವಿಚಾರ. ಕಾಕಾ ತಿರುವಿ ಮುರುವಿ ನೋಡಿ ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದರೆ ಅದು ಪಾಸಾದ ಹಾಗೆ.

ಗದಗ ಸ್ಟೇಷನ್ನಿನಲ್ಲಿ ಗಾಡಿ ಬಿಡುವ ಮುನ್ನ ಕಾಕಾ ಕಿಟಕಿಯ ಹತ್ತಿರ ನಿಂತು ಮಗನಿಗೆ ಹೇಳಿದರು: "ಮೈಗೆ ಮೊದ್ಲ ಏನು ತಾಗಬೇಕು?"

"ಉಣ್ಣಿ."

"ಇನ್ನೊಮ್ಮೆ ಹೇಳು."

"ಉಣ್ಣಿ ಅಪ್ಪಾ, ಉಣ್ಣಿ. ಮಂದಿ ನೋಡಾಕತ್ತಾರ."

"ನೋಡ್ಲಿ. ಒದ್ದಿ ಆತಂದ್ರ ಬದಲಿ ಮಾಡು. ಗಂಜಿ ವಾಸನಿ ಬೇಕಾದ್ರ ಆ ಅಂಗಿ ಕಾಲರ್ ಮೂಸಿ ನೋಡು. ಅಲ್ಲಷ್ಟು ತೊಳೀದ ಬಿಟ್ಟೇನಿ."

ಅಜ್ಜನ ಕಾಲದ ಮಾತನ್ನು ಅವರು ತಿರುಗಿಸಿದ್ದು ಹೀಗೆ, ಪ್ಲಾಟ್‌ಫಾರ್ಮಿನ ಮೇಲೆ, ಎಲ್ಲರ ಎದುರು. ಓಣಿಯ ನೇಕಾರರಿಗೂ ತಾವೇ ಹೇಳಿಕೊಂಡು ಬಂದರು. "ನಾ ಹೇಳಿದ್ದು ತಪ್ಪಿತ್ತು. ಬರ್ಫಿನ ಮ್ಯಾಲ ಕುಂತು ನೋಡಿ ಬಂದೇನಿ. ನಂಬಿಕಿ ಇಲ್ಲಂದ್ರ ನೀವೂ ಹೋಗಿ ಕುಂಡ್ರಿ" ಎಂದು ಎದೆ ಎತ್ತಿಯೇ ಹೇಳಿದರು. ಯಾರೂ ಹೋಗಿ ಕೂರಲಿಲ್ಲ.

ಮಳೆಗಾಲ ಹೋಯಿತು, ಚಳಿಗಾಲ ಬಂತು. ಆ ಚಳಿಗಾಲ ಕಾಕಾ ಟಾವೆಲನ್ನು ಕಿವಿಗೆ ಸುತ್ತಿಕೊಳ್ಳಲೇ ಇಲ್ಲ. ಕಾಕು ಒತ್ತಾಯ ಮಾಡಿದರೆ, "ಇದು ಥಂಡಿಯೇನ?" ಎನ್ನುತ್ತಿದ್ದರು. ಮತ್ತೆ ಬೇಸಿಗೆಗೆ ಶಂಕ್ರ ರಜೆಗೆ ಬಂದ. ನಾನು ಕಟ್ಟೆಯ ಮೇಲಿದ್ದೆ. ಅವನು ಬೂಟು ಬಿಚ್ಚಿದ, ಕಾಲ್ಚೀಲವನ್ನೂ ಬಿಚ್ಚಿದ. ನನಗೆ ಕಣ್ಣು ಹೊಡೆದು ಸೀದಾ ಹೋಗಿ ಮಗ್ಗದ ಗುಂಡಿಯ ಅಂಚಿನಲ್ಲಿ ಬರಿಗಾಲಲ್ಲಿ ನಿಂತ. ಅಪ್ಪನಿಗೆ ಮೊದಲು ಕಾಣುವುದೇನೆಂದು ಅವನಿಗೆ ಗೊತ್ತಿತ್ತು.

ಲಾಳಿ ನಿಂತಿತು. ಹೋದ ಬೆರಳು ಹೋಗಿತ್ತು. ಉಳಿದದ್ದೆಲ್ಲ ಇದ್ದವು, ಕೆಂಪಗೆ, ಬೆಚ್ಚಗೆ. ಕಾಕಾ ತಲೆ ಎತ್ತಲಿಲ್ಲ. "ಉಗರು ತಗೀಯಂಗಿಲ್ಲೇನಲೇ ನಿಮ್ಮ ಮಿಲಿಟರ್ಯಾಗ?" ಎಂದರು. ಲಾಳಿ ಮತ್ತೆ ಓಡಿತು.

ಎಂಬತ್ತರ ದಶಕ ಹುಟ್ಟಿದ ಮೇಲೆ ಶಂಕ್ರನಿಗೆ ಮದುವೆಯಾಗಿ ಹೆಣ್ಣುಕೂಸು ಹುಟ್ಟಿತು. ಪುಷ್ಯದ ಒಂದು ಮುಂಜಾನೆ, ಮನೆಯಲ್ಲೇ. ಕಾಕಾ ಎಂದೋ ನೇಯ್ದಿಟ್ಟ ಮೆತ್ತನೆಯ ಅರಿವೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊರಗೆ ಕೂತಿದ್ದರು. ಮನೆಯ ರೂಢಿಯ ಅರಿವೆ. ಅದನ್ನು ಅವರೇನೂ ಬಿಟ್ಟಿರಲಿಲ್ಲ. ಕಾಕು ಕೂಸನ್ನು ಹಿಡಿದು ಬಾಗಿಲಿಗೆ ಬಂದು, "ಕೊಡ್ರಿ ಜಲ್ದಿ" ಎಂದು ಕೈ ಚಾಚಿದಳು.

ಕಾಕಾ ಅರಿವೆ ಕೊಡಲಿಲ್ಲ. ಎದ್ದು, ತಮ್ಮ ಎರಡೂ ಕೈ ತಿಕ್ಕಿ ಬೆಚ್ಚಗೆ ಮಾಡಿಕೊಂಡು, ಕೂಸಿನ ಪಾದ ಹಿಡಿದರು. ನೂಲಿನ ಎಳೆ ನೋಡುವಂತೆ ಒಂದೊಂದೇ ಬೆರಳನ್ನು ಹಿಡಿದು, ಬಿಟ್ಟು, ಮುಂದಿನದಕ್ಕೆ ಹೋದರು. ಎಡಗಾಲಿನ ಕಿರುಬೆರಳಿಗೆ ಬಂದು ಅಲ್ಲೇ ನಿಂತರು.

"ಆತೇನ್ರಿ ಮುಟ್ಟಿ ನೋಡೋದು?" ಎಂದಳು ಕಾಕು. "ಕೂಸು ಥಂಡಿಗೆ ನಡಗಾಕತ್ತೈತಿ!"

"ಬೆಚ್ಚಗದಾವ" ಎಂದರು ಕಾಕಾ. ಎಂದು, ಅರಿವೆ ಬಿಡಿಸಿದರು.